ಮನೆಯೊಳಗಿನ ಎರಡನೇ ಬಾಟಲಿ

ಔರಾದ್‌ನಿಂದ ಬೀದರ್‌ಗೆ ಸುಮಾರು 40 ಕಿಲೋಮೀಟರ್. ಅಲ್ಲಿನ ಬ್ರಿಮ್ಸ್ ಆಸ್ಪತ್ರೆಯ ಏಆರ್‌ಟಿ ಕೇಂದ್ರದಿಂದ ಎಚ್‌ಐವಿ ಔಷಧ ತಗೊಂಡು ಬಸ್ಸಿನಲ್ಲಿ ಮರಳುವವರಿಗೆ ಚೀಲದೊಳಗಿನ ಸದ್ದಿನದೇ ಅಂಜಿಕೆ. ಬಸ್ಸು ಕುಲುಕಿದಾಗೆಲ್ಲ 30 ಗುಳಿಗೆಯ ಬಾಟಲಿ ಗಲಗಲ ಎನ್ನುತ್ತದೆ. ಒಳಗೆ ಹತ್ತಿ ತುರುಕುವವರು, ಮೇಲಿನ ಚೀಟಿ ಕೀಳುವವರು ಇದ್ದಾರೆ.

ಇಂಥ ಮನೆಗೆ ಇನ್ನೊಂದು ಬಾಟಲಿ ತರುವುದೆಂದರೆ? ಅದೂ ಸೋಂಕೇ ಇಲ್ಲದ ಹೆಂಡತಿಗೆ? ‘ಜಡ್ಡು ಅವರಿಗದ, ಗುಳಿಗಿ ನಾ ಯಾಕ ತಿನ್ಬೇಕ್ರಿ?’ ಎಂದು ಆಕೆ ಕೇಳಿದರೆ ತಪ್ಪೇನಿಲ್ಲ.

ಆದರೆ ಸೋಂಕು ತಗಲದಂತೆ ಮೊದಲೇ ನುಂಗುವ, ಪ್ರೆಪ್ ಎಂಬ ಈ ಗುಳಿಗೆ ಒರೆಗೆ ಬಿದ್ದದ್ದು ಒಬ್ಬರಿಗಷ್ಟೇ ಸೋಂಕಿರುವ ಇಂಥ ದಂಪತಿಗಳ ಬದುಕಿನಲ್ಲೇ. ಕೀನ್ಯಾ, ಉಗಾಂಡಾದ 4,700ಕ್ಕೂ ಹೆಚ್ಚು ಜೋಡಿಗಳ ಅಧ್ಯಯನದಲ್ಲಿ ಸೋಂಕಿಲ್ಲದವರಿಗೆ ಟೆನೋಫೋವಿರ್, ಎಮ್‌ಟ್ರಿಸಿಟಬಿನ್ ಕೂಡಿದ ಗುಳಿಗೆ ಕೊಟ್ಟಾಗ ಸೋಂಕು ಶೇ 75ರಷ್ಟು ತಗ್ಗಿತು. 2012ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. ಪುಣೆ, ಚೆನ್ನೈಯಲ್ಲೂ ನಡೆದ, 9 ದೇಶಗಳ 1,763 ಜೋಡಿಗಳ ಅಧ್ಯಯನ 2011ರಲ್ಲಿ ತೋರಿಸಿದ್ದಿಷ್ಟು: ಸೋಂಕಿತರಿಗೆ ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಹರಡುವುದು ಶೇ 96ರಷ್ಟು ಇಳಿಯುತ್ತದೆ. 2004ರಲ್ಲಿ ಉಚಿತ ಚಿಕಿತ್ಸೆ ಆರಂಭಿಸಿದ್ದ ನಮ್ಮ ಸರ್ಕಾರ, ರೋಗನಿರೋಧಕ ಕಣಗಳು ಕುಸಿಯುವವರೆಗೆ ಕಾಯಿಸುವ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟಿತು. ಗಂಡ ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಸಂಭೋಗದಿಂದ ಹೆಂಡತಿಗೆ ಸೋಂಕು ದಾಟುವುದಿಲ್ಲ.

ಹಾಗಾದರೆ ಎರಡನೇ ಬಾಟಲಿ ಯಾಕೆ? ಚಿಕಿತ್ಸೆಯ ಮೊದಲ ಆರು ತಿಂಗಳಿಗೆ. ಕೂಸು ಬೇಕೆನ್ನುವ, ಇನ್ನೂ ವೈರಾಣು ತಗ್ಗದ ದಂಪತಿಗೆ. ಹೈದರಾಬಾದ್, ಪುಣೆಗೆ ದುಡಿಯಲು ಹೋಗಿ, ಅಲ್ಲಿ ಗುಳಿಗೆ ತಪ್ಪಿಸಿ, ಹಬ್ಬಕ್ಕೆ ಮರಳುವವರ ಮನೆಗೆ. ನಿರೋಧ್ ಬಳಸಲು ಗಂಡ ಒಪ್ಪಬೇಕು. ಈ ಗುಳಿಗೆಗೆ ಹೆಂಡತಿಯ ಕೈಯೇ ಸಾಕು. ನನಗೆ ಬಹಳ ದೊಡ್ಡದಾಗಿ ಕಾಣುವ ಮಾತು ಇದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ಅಶೋದಯ ಸಮಿತಿ ತನ್ನ ಸದಸ್ಯೆಯರಿಗೇ ಪ್ರೆಪ್ ಕೊಟ್ಟು, ಹೆಂಗಸರು ಅದನ್ನು ನಿತ್ಯ ನುಂಗಬಲ್ಲರೆಂದು ತೋರಿಸಿತು. ಪ್ರೆಪ್ ಕುರಿತ ರಾಷ್ಟ್ರೀಯ ಮಾರ್ಗಸೂಚಿ 2022ರಲ್ಲಿ ಬಂತು. ಭಾಲ್ಕಿ, ಔರಾದ್‌ನ ಆಪ್ತ ಸಮಾಲೋಚನಾ ಕೊಠಡಿಗಳಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಕೂಡಿಸಿ ಈ ಮಾತು ಆಡಬೇಕು.

ಪ್ರೆಪ್ ನುಂಗುವವರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೂ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ. ಆದರೆ ಆ ದಿನದ ಕೂಲಿ ಹೋಗುತ್ತದೆ. ಅತ್ತೆಗೆ ಏನು ಹೇಳಿ ಹೊರಡುವುದು ಎಂಬುದು ಹಾಗೇ ಉಳಿದಿದೆ.