ಕುಂಟೆ ಯಾರದು? ಕೆರೆ ಶಾಸನಗಳಲ್ಲಿ ಅರಸ, ನಾಡು, ಊರು

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ ಸಿಂಗನಾಯಕನಹಳ್ಳಿ ಆದ ಮೇಲೆ ಸಿಗುವ ಊರು ರಾಜಾನುಕುಂಟೆ. ಊರಿನ ಹೆಸರಲ್ಲೇ ನೀರಿದೆ ನೋಡಿ. ಕುಂಟೆ ಅಂದರೆ ಕೆರೆಗಿಂತ ಚಿಕ್ಕದು, ಮಳೆನೀರು ನಿಲ್ಲೋ ಜಾಗ. ಕೆರೆ, ಕಟ್ಟೆ, ಕುಂಟೆ ಅಂತ ಮುಗಿಯುವ ಊರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ತುಂಬಿ ಹರಿಯೋ ದೊಡ್ಡ ನದಿ ಇಲ್ಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟರಷ್ಟೇ ಬೆಳೆ. ಹಾಗಾಗಿ ಕೆರೆ ಕಟ್ಟೋರು ಯಾರು, ಕಟ್ಟಿದ ಮೇಲೆ ಹೂಳು ತೆಗೆಯೋರು ಯಾರು, ಅದರ ಖರ್ಚು ಯಾರದು ಅನ್ನೋದು ಇಲ್ಲಿಯ ಬಹಳ ಹಳೆಯ ಪ್ರಶ್ನೆ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆ ಸೇರಿ ಕೆಲಸ ಮಾಡಬೇಕು ಅಂತ ಇವತ್ತು ನಾವು ಹೇಳುವ ಮಾತಿಗೆ ನಮ್ಮ ಕೆರೆ ಶಾಸನಗಳಲ್ಲಿ ಒಂದು ಸ್ಪಷ್ಟವಾದ ಲೆಕ್ಕವಿದೆ.

ಮೂರು ಪದಗಳನ್ನು ನೆನಪಿಟ್ಟುಕೊಳ್ಳಿ. ಮೊದಲನೆಯದು ಬಿತ್ತುವಟ್ಟ. ಗಂಗರ ಕಾಲದ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೋ, ಕೆರೆಯನ್ನು ನೋಡಿಕೊಳ್ಳುವುದಕ್ಕೋ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡು ಇದು. ಎರಡನೆಯದು ದಶವಂದ, ಹೆಸರೇ ಹೇಳುವಂತೆ ಹತ್ತರಲ್ಲಿ ಒಂದು ಪಾಲು. ಮೂರನೆಯದು ಕಟ್ಟುಕೊಡಗೆ. ವಿಜಯನಗರ ಕಾಲದಲ್ಲಿ ಹೆಚ್ಚಾಗಿ ಕಾಣುವ ಪದ. ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ಸರಿಮಾಡಿದವರಿಗೆ ತೆರಿಗೆ ಇಲ್ಲದೆಯೋ, ಕಡಿಮೆ ತೆರಿಗೆಗೋ ಕೊಟ್ಟ ಭೂಮಿ ಇದು.

ಮೂರರಲ್ಲೂ ಒಂದೇ ಉಪಾಯವಿದೆ. ಅರಸ ತನ್ನ ಬೊಕ್ಕಸದಿಂದ ಪ್ರತಿವರ್ಷ ಹಣ ಕಳಿಸುವುದಿಲ್ಲ. ತನಗೆ ಬರಬೇಕಾದ ಕಂದಾಯದಲ್ಲಿ ಒಂದು ಭಾಗವನ್ನು ಊರಲ್ಲೇ ಬಿಡುತ್ತಾನೆ, ಅದೂ ಆ ಕೆರೆಯಿಂದಲೇ ನೀರುಣ್ಣುವ ನೆಲದಲ್ಲಿ. ಕೆರೆ ಚೆನ್ನಾಗಿದ್ದರೆ ಆ ನೆಲದಲ್ಲಿ ಬೆಳೆ, ಬೆಳೆ ಬಂದರೆ ದುರಸ್ತಿಗೆ ಹಣ. ಕೆರೆ ಕೆಟ್ಟರೆ ನೋಡಿಕೊಳ್ಳಬೇಕಾದವನ ಹೊಟ್ಟೆಗೇ ಮೊದಲ ಹೊಡೆತ. ಮಣ್ಣು ಹೊರುವ ಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ ಅಂತಲೇ ಪ್ರತ್ಯೇಕವಾಗಿ ದತ್ತಿ ಬಿಟ್ಟ ಶಾಸನಗಳೂ ಉಂಟು.

ಅರಸನಿಗೂ ಊರಿಗೂ ನಡುವೆ ಇನ್ನೊಂದು ಹಂತವಿತ್ತು: ನಾಡು. ಯಲಹಂಕದ ಸುತ್ತಿನ ಪ್ರದೇಶವನ್ನು ಚೋಳರ ಕಾಲದ ತಮಿಳು ಶಾಸನಗಳು ಇಲೈಪಾಕ್ಕ ನಾಡು ಅಂತ ಕರೆಯುತ್ತವೆ. ಕೆಂಪೇಗೌಡರ ಮನೆತನಕ್ಕೆ ಯಲಹಂಕ ನಾಡಪ್ರಭು ಎಂಬ ಬಿರುದು ಇದ್ದದ್ದು ಈ ನಡುವಿನ ಹಂತದಿಂದಲೇ. ಊರಿನಲ್ಲಿ ಗಾವುಂಡ, ಅಗ್ರಹಾರವಾದರೆ ಮಹಾಜನರು. ಶಾಸನದ ಕೊನೆಯಲ್ಲಿ ಸಾಕ್ಷಿಗಳ ಹೆಸರು ಬರುವುದು, ಸೂರ್ಯಚಂದ್ರರಿರುವವರೆಗೆ ನಡೆಯಲಿ ಅನ್ನುವುದು, ಅಳಿಪಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಅನ್ನುವುದು ಬರೀ ಅಲಂಕಾರವಲ್ಲ. ಅರಸ ಬದಲಾದರೂ, ಗೌಡ ಬದಲಾದರೂ ಒಪ್ಪಂದ ಬದಲಾಗಬಾರದು ಅನ್ನೋದಕ್ಕೆ ಹಾಕಿದ ಬೀಗ ಅದು.

ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು ಅಂದುಕೊಳ್ಳಬೇಡಿ. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ ಮಾತು ಎಷ್ಟೋ ಶಾಸನಗಳಲ್ಲಿ ಬರುತ್ತದೆ. ಅಂದರೆ ಕೆರೆಗಳು ಆಗಲೂ ಒಡೆಯುತ್ತಿದ್ದವು. ಕೆಲವು ಕೆರೆಗಳು ಊರಿನ ಕೈಗೆ ಮೀರಿದ್ದೂ ಹೌದು. ಇವತ್ತಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನ, ದಿನಕ್ಕೆ ಸಾವಿರ ಆಳುಗಳು, ನೂರು ಬಂಡಿಗಳು ಎರಡು ವರ್ಷ ಕೆಲಸ ಮಾಡಿದ್ದನ್ನು ಹೇಳುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಆರು ದೋಷ ಅಂತ ಪಟ್ಟಿಯನ್ನೂ ಕೊಡುತ್ತದೆ. ಅಷ್ಟು ದೊಡ್ಡ ಕೆಲಸಕ್ಕೆ ರಾಜ್ಯವೇ ಕೈ ಹಾಕಬೇಕಿತ್ತು.

ಈಗಿನ ಹಂಚಿಕೆ ಹೇಗಿದೆ? ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಒಂದು ಕಾಯಿದೆಯನ್ನೇ ತಂದು, ನಿರ್ವಹಣೆಯನ್ನು ಮತ್ತೆ ರೈತರ ಕೈಗೆ ಕೊಡಲು ನೋಡಿತು. ಈಗ ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆ ರಾಜ್ಯದ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತ್ ರಾಜ್ ಸಂಸ್ಥೆಗಳದು. ಸಂವಿಧಾನದ 73ನೇ ತಿದ್ದುಪಡಿ ಸೇರಿಸಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಒಂದು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಉತ್ತರದ ಕೆರೆಗಳಿಗೆ ಹೋಗುತ್ತದೆ. ನೀರು ತರುವುದು ರಾಜ್ಯ, ಏರಿಯ ಮೇಲೆ ದಿನಾ ಓಡಾಡುವುದು ಊರು. 2022ರ ಆರಂಭದಲ್ಲಿ ಸಿಂಗನಾಯಕನಹಳ್ಳಿ ಕೆರೆ ಅಭಿವೃದ್ಧಿಗಾಗಿ ಆರು ಸಾವಿರಕ್ಕೂ ಹೆಚ್ಚು ಮರ ಕಡಿಯುವ ಪ್ರಸ್ತಾವ ಹೊರಬಿದ್ದು, ಜನ ದೊಡ್ಡದಾಗಿ ಆಕ್ಷೇಪಿಸಿದ್ದು ನಿಮಗೆ ನೆನಪಿರಬಹುದು. ಕೆಲಸ ಒಂದು ಇಲಾಖೆಯದು, ಮರ ಇನ್ನೊಂದರದು, ಕೆರೆ ಊರಿನದು. ಯಾರು ಏನು ಮಾಡಬೇಕು ಅನ್ನೋದು ಕಡತಗಳಲ್ಲಿದೆ. ಎಲ್ಲರಿಗೂ ಕಾಣುವಂತೆ ಕೆರೆಯ ದಡದಲ್ಲಿಲ್ಲ. ದುರಸ್ತಿಯ ಹಣವೂ ಆ ಕೆರೆಯ ಆದಾಯಕ್ಕೆ ಅಂಟಿಕೊಂಡಿಲ್ಲ.

ಇಲ್ಲಿ ಶಾಸನಾಸಕ್ತರು ಗಮನಿಸಬೇಕಾದ್ದು ಇನ್ನೊಂದಿದೆ. ಈ ಒಪ್ಪಂದಗಳನ್ನು ಹೊತ್ತ ಕಲ್ಲುಗಳೂ ಅದೇ ಸಂದಿಯಲ್ಲಿ ಬೀಳುತ್ತಿವೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಒಂಬತ್ತನೇ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯ ಶಾಸನಗಳು, ಅಚ್ಚಾದದ್ದು 1905ರಲ್ಲಿ. ಕಲ್ಲು ಕೆರೆ ಏರಿಯ ಮೇಲಿದೆ, ತೂಬಿನ ಹತ್ತಿರವಿದೆ, ಹೊಲದಲ್ಲಿದೆ ಅನ್ನುವ ಗುರುತುಗಳು ಅಂಥ ಸಂಪುಟಗಳಲ್ಲಿ ಸಿಗುತ್ತವೆ. ಕಾನೂನಿನ ರಕ್ಷಣೆ ಇರುವುದು ಘೋಷಿತ ಸ್ಮಾರಕಗಳಿಗೆ. ಏರಿಯ ಮೇಲಿನ ಒಂಟಿ ಕಲ್ಲಿನ ಹೆಸರು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಏರಿ ಅಗಲ ಮಾಡುವಾಗ ಜೆಸಿಬಿ ಓಡಿಸುವವನಿಗೆ ಅದೂ ಒಂದು ಚಪ್ಪಡಿ ಅಷ್ಟೇ. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವುದರಿಂದ ಅಕ್ಷರ ಉಳಿಯುತ್ತದೆ. ಕಲ್ಲು ಇದ್ದ ಜಾಗದಲ್ಲೇ ಉಳಿಯಬೇಕಾದರೆ ಊರು ಬೇಕು.

ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮೂರಿನ ಕೆರೆಯ ಹತ್ತಿರ ಶಾಸನವಿದ್ದರೆ ಅದರ ಫೋಟೋ, ಸರ್ವೆ ನಂಬರು, ಸಂಪುಟದಲ್ಲಿನ ಸಂಖ್ಯೆ ಮೂರನ್ನೂ ಬರೆದು ಪಂಚಾಯಿತಿಗೆ ಒಂದು ಅರ್ಜಿ ಕೊಡಿ, ಆಸ್ತಿ ವಹಿಯಲ್ಲಿ ಸೇರಿಸಿ ಅಂತ ಕೇಳಿ. ಅದೇ ಅರ್ಜಿಯ ಪ್ರತಿ ಸಣ್ಣ ನೀರಾವರಿ ಇಲಾಖೆಗೂ, ಪುರಾತತ್ವ ಇಲಾಖೆಗೂ ಹೋಗಲಿ. ಕೆರೆ ಕೆಲಸದ ಅಂದಾಜು ಪಟ್ಟಿ ಮಾಡುವ ಎಂಜಿನಿಯರಿಗೆ ನಕ್ಷೆಯ ಮೇಲೆ ಆ ಕಲ್ಲು ಒಂದು ಚುಕ್ಕೆಯಾಗಿ ಕಂಡರೆ ಸಾಕು, ಅರ್ಧ ಕೆಲಸ ಆದ ಹಾಗೆ.