ಚಳಿಗಾಲದ ಸಾರಿನ ವಿನಿಮಯ ಕೂಟ

ಪರಸ್ಥಳಕ್ಕೆ ಹೋದ ಮನುಷ್ಯನಿಗೆ ಮೊದಲು ನೆನಪಾಗುವುದು ತನ್ನ ಊರಿನ ನೀರು; ಎರಡನೆಯದಾಗಿ ನೆನಪಾಗುವುದು ತನ್ನ ಮನೆಯ ಸಾರು. ನೀರನ್ನು ದೆಹಲಿಗೆ ತರಿಸುವುದು ಅಸಾಧ್ಯ. ಆದರೆ ಸಾರನ್ನು ಇಲ್ಲಿಯೇ ಮಾಡಿಕೊಳ್ಳಬಹುದು; ಮಾಡಿದುದನ್ನು ನಾಲ್ವರು ಸ್ನೇಹಿತರೊಡನೆ ಬದಲಾಯಿಸಿಕೊಳ್ಳಲೂಬಹುದು. ಈ ಎರಡನೆಯ ಕಾರ್ಯದ ವಿಚಾರವಾಗಿ ನಮ್ಮ ವಾಚಕರ ಗಮನವನ್ನು ಸೆಳೆಯುವುದೇ ಈ ಲೇಖನದ ಉದ್ದೇಶ.

ದೆಹಲಿಯ ಚಳಿ ನಮ್ಮ ನಾಡಿನವರಿಗೆ ಒಗ್ಗಿದ ಚಳಿಯಲ್ಲ. ೧೯೩೫ರ ಜನವರಿ ೧೬ರಂದು ಇಲ್ಲಿಯ ಉಷ್ಣಮಾನ ಶೂನ್ಯಕ್ಕಿಂತಲೂ ೦.೬ ಡಿಗ್ರಿ ಕೆಳಗಿಳಿದಿತ್ತು. ಪ್ರತಿ ವರ್ಷ ಅಷ್ಟು ಕಠೋರವಾಗದಿದ್ದರೂ, ಡಿಸೆಂಬರಿನ ನಡುವಿನಿಂದ ಜನವರಿಯ ಕೊನೆಯವರೆಗೆ ಮಂಜು ಮುಸುಕಿದ ಬೆಳಗುಗಳು ತಪ್ಪುವುದಿಲ್ಲ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವ ತರುಣನಿಗೆ ಆ ನಸುಕಿನಲ್ಲಿಯೇ ಎದ್ದು ಹಿಟ್ಟು ಹದಮಾಡಬೇಕಾದ ಕೆಲಸ. ದಿನವೆಲ್ಲ ನೂರಾರು ಮಂದಿಗೆ ಬಿಸಿ ಸಾಂಬಾರು ಬಡಿಸುವ ಅವನಿಗೆ, ತನ್ನ ತಾಯಿ ಮಾಡುತ್ತಿದ್ದ ಸಾರನ್ನು ಯಾರೂ ಬಡಿಸುವವರಿಲ್ಲ. ಸರಕಾರಿ ಕಚೇರಿಯ ಗುಮಾಸ್ತನ ಸ್ಥಿತಿಯೂ ಬಹಳ ಭಿನ್ನವಲ್ಲ. ಸಂಸಾರವನ್ನು ಊರಿನಲ್ಲಿ ಬಿಟ್ಟು ಒಂದು ಕೋಣೆಯಲ್ಲಿ ವಾಸಿಸುವವನು ಒಬ್ಬನಿಗಾಗಿ ಒಲೆ ಹಚ್ಚಲು ಬೇಸರಪಟ್ಟು ಡಬ್ಬದ ಊಟಕ್ಕೆ ಶರಣಾಗುತ್ತಾನೆ. ಇಬ್ಬರೂ ಕನ್ನಡಿಗರೇ, ಇಬ್ಬರೂ ಒಂದೇ ಮೇಜಿನ ಬಳಿ ಪ್ರತಿದಿನ ಭೇಟಿಯಾಗುವವರೇ. ಆದರೆ ಒಬ್ಬ ಬಡಿಸುವವ, ಇನ್ನೊಬ್ಬ ಉಣ್ಣುವವ. ಈ ಅಂತರವನ್ನು ಮುರಿಯಲು ಸಾರಿನ ವಿನಿಮಯಕ್ಕಿಂತ ಸುಲಭವಾದ ಸಾಧನ ಮತ್ತೊಂದಿಲ್ಲ.

ಹಳೆಯ ಪದ್ಧತಿ, ಹೊಸ ರೂಪ

ಅಮೆರಿಕದ ಚಳಿ ಊರುಗಳಲ್ಲಿ ಸ್ನೇಹಿತರು ಒಂದೊಂದು ಬಗೆಯ ಸೂಪನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ, ಪಾಲು ಹಾಕಿ ತಂದು, ಒಂದೆಡೆ ಸೇರಿ ಅದಲುಬದಲು ಮಾಡಿಕೊಂಡು ಹೋಗುವ ವಾಡಿಕೆಯಿದೆ. ಇದನ್ನು ಕೇಳಿ ಹೊಸದೆಂದು ಬೆರಗಾಗಬೇಕಿಲ್ಲ. ನೆರೆಮನೆಯಿಂದ ಸಾರು ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬುದು ನಮ್ಮ ಮನೆಗಳ ಅಲಿಖಿತ ಶಾಸನ. ಸಂಕ್ರಾಂತಿಯಂದು ಎಳ್ಳುಬೆಲ್ಲ ಬೀರುವುದೂ ವಿನಿಮಯವೇ. ಇನ್ನು ಸೂಪಿನ ಮಾತು. ಆಂಗ್ಲರು ಬಹುವಾಗಿ ಮೆಚ್ಚಿದ ಮುಲ್ಲಿಗಟಾನಿ ಸೂಪಿನ ಹೆಸರು ಮೆಣಸು ಮತ್ತು ನೀರು ಎಂಬರ್ಥದ ಎರಡು ತಮಿಳು ಪದಗಳಿಂದ ಹುಟ್ಟಿದುದು. ನಮ್ಮ ಮೆಣಸಿನ ಸಾರಿನ ಬಂಧುವೇ ಟೋಪಿ ಹಾಕಿಕೊಂಡು ಸಾಹೇಬರ ಮೇಜನ್ನೇರಿತು ಎಂದರೆ ತಪ್ಪಾಗದು.

ಕೂಟವನ್ನು ನಡೆಸುವ ಬಗೆ

ಆರು ಮಂದಿ ಇದ್ದರೆ ಸಾಕು. ಎಂಟಕ್ಕಿಂತ ಹೆಚ್ಚಾದರೆ ಪಾತ್ರೆಗಳೂ ಮಾತೂ ಎರಡೂ ಕೈಮೀರುತ್ತವೆ. ಪ್ರತಿಯೊಬ್ಬನೂ ಒಂದೇ ಬಗೆಯ ಸಾರನ್ನು ಮೂರು ಲೀಟರಿನಷ್ಟು ಮಾಡಿ, ಅರ್ಧ ಲೀಟರಿನ ಆರು ಪಾಲುಗಳಾಗಿ ತರಬೇಕು. ತಿಳಿಸಾರಿಗಾದರೆ ಇಷ್ಟಕ್ಕೆ ಸುಮಾರು ೩೦೦ ಗ್ರಾಂ ತೊಗರಿಬೇಳೆ ಸಾಲುತ್ತದೆ. ತನ್ನದೊಂದು ಪಾಲನ್ನು ಇಟ್ಟುಕೊಂಡು ಐದನ್ನು ಕೊಟ್ಟರೆ, ಮರಳುವಾಗ ಕೈಯಲ್ಲಿ ಆರು ಬಗೆಯ ಸಾರು. ಒಮ್ಮೆ ಒಲೆ ಹಚ್ಚಿದುದರ ಫಲ ಅನೇಕ ಊಟಗಳಿಗೆ ಒದಗುವುದು. ಯಾರು ಯಾವುದನ್ನು ಮಾಡುವರೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಅವಶ್ಯ. ಇಲ್ಲದಿದ್ದರೆ ಆರು ಮಂದಿಯೂ ಟೊಮೇಟೊ ಸಾರನ್ನೇ ತಂದಾರು.

ಕಾಲದ ಆಯ್ಕೆಯಲ್ಲಿ ಎಚ್ಚರ ಬೇಕು. ೧೯೮೫ರಿಂದ ಕೇಂದ್ರ ಸರಕಾರದ ಕಚೇರಿಗಳಿಗೆ ವಾರಕ್ಕೆ ಐದೇ ದಿನದ ಕೆಲಸವಾದ್ದರಿಂದ ಗುಮಾಸ್ತರಿಗೆ ಶನಿವಾರ, ಭಾನುವಾರ ಎರಡೂ ಬಿಡುವು. ಹೋಟೆಲಿನವರಿಗೆ ಆ ದಿನಗಳೇ ಹೆಚ್ಚಿನ ದುಡಿಮೆಯ ದಿನಗಳು. ಆದುದರಿಂದ ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ತಿಂಡಿ ಆರಂಭವಾಗುವ ಮುನ್ನ, ಮೂರರಿಂದ ಐದು ಗಂಟೆಯ ನಡುವಿನ ಅವಧಿಯೇ ಉಚಿತ. ಬಿಡುವುಳ್ಳವನು ಬಿಡುವಿಲ್ಲದವನ ಗಡಿಯಾರಕ್ಕೆ ಹೊಂದಿಕೊಳ್ಳುವುದೇ ಸೌಜನ್ಯ. ಸ್ಥಳವೂ ಹಾಗೆಯೇ: ನೋಯಿಡಾದವನೂ ಗುರುಗ್ರಾಮದವನೂ ಸೇರಬೇಕಾದಲ್ಲಿ ಹೋಟೆಲಿಗೆ ಹತ್ತಿರದ ಮನೆಯನ್ನೋ ಮೆಟ್ರೋ ನಿಲ್ದಾಣಕ್ಕೆ ಸಮೀಪದ ಮನೆಯನ್ನೋ ಆರಿಸಬೇಕು. ಚಳಿಗಾಲದ ಎಳೆಬಿಸಿಲು ಬೀಳುವ ಮಾಳಿಗೆಯಿದ್ದರಂತೂ ಇನ್ನೂ ಸೊಗಸು.

ಇಲ್ಲಿಯ ಸಂತೆ, ನಮ್ಮ ಸಾರು

ಸಾಮಗ್ರಿ ಸಿಗುವುದಿಲ್ಲವೆಂಬ ದೂರು ಪೂರ್ತಿ ನಿಜವಲ್ಲ. ಐಎನ್‌ಎ ಮಾರುಕಟ್ಟೆಯಲ್ಲಿ ತೆಂಗಿನಕಾಯಿ, ಕರಿಬೇವು, ನುಗ್ಗೆಕಾಯಿಗಳು ದೊರೆಯುತ್ತವೆ. ಚಳಿಗೆ ಅತ್ಯುತ್ತಮವಾದ ಹುರುಳಿಯನ್ನು ಹುಡುಕುವವರು ಗಢವಾಲ, ಕುಮಾವು ಸೀಮೆಯವರ ಅಂಗಡಿಗಳಲ್ಲಿ ‘ಗಹತ್’ ಎಂದು ಕೇಳಬೇಕು. ಹಿಮಾಲಯದ ತಪ್ಪಲಿನವರು ಚಳಿಗಾಲದಲ್ಲಿ ಮೈ ಬೆಚ್ಚಗಾಗಲೆಂದು ಉಣ್ಣುವ ಆ ಕಾಳು ನಮ್ಮ ಹುರುಳಿಯೇ ಆಗಿದೆ. ಅದನ್ನು ರಾತ್ರಿ ನೆನೆಯಿಟ್ಟು, ಮೆತ್ತಗೆ ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಬೇಕು. ಬೆಂದ ಕಾಳು ಒಂದು ಹಿಡಿಯನ್ನು ಕೊತ್ತಂಬರಿ, ಜೀರಿಗೆ, ಒಣಮೆಣಸು, ಬೆಳ್ಳುಳ್ಳಿಗಳೊಡನೆ ರುಬ್ಬಿ ಕಟ್ಟಿಗೆ ಬೆರೆಸಿ, ಹುಣಸೆಹಣ್ಣಿನ ರಸ ಹಾಕಿ ಕುದಿಸಿದರೆ ಸಾರಾಯಿತು. ಉಳಿದ ಕಾಳು ಮನೆಯಲ್ಲಿ ಪಲ್ಯಕ್ಕಾಯಿತು.

ಮಂಡ್ಯ, ಹಾಸನಗಳ ಕಡೆಯವರು ಬಸ್ಸಾರಿಗೆ ಸೊಪ್ಪಿಲ್ಲವೆಂದು ಕೊರಗಬೇಕಾದ ಕಾರಣವಿಲ್ಲ. ಈ ಕಾಲದಲ್ಲಿ ಇಲ್ಲಿ ರಾಶಿ ರಾಶಿಯಾಗಿ ಬರುವ ಬಥುವಾ, ನಮ್ಮ ಚಕ್ಕೋತ ಸೊಪ್ಪಿನ ರುಚಿಗೆ ಹತ್ತಿರದ್ದು. ಪಾಲಕ್, ಮೆಂತ್ಯಗಳಿಗೂ ಕೊರತೆಯಿಲ್ಲ. ಊರಿನಲ್ಲಿ ಇದೇ ತಿಂಗಳುಗಳಲ್ಲಿ ಹಿತುಕಿದ ಅವರೆಬೇಳೆಯ ಸಾರಿನ ಸಂಭ್ರಮ. ಇಲ್ಲಿ ಅವರೆ ದೊರೆಯದಿದ್ದರೆ ಎಳೆಯ ಹಸಿ ಬಟಾಣಿಯಿಂದ ಆ ಆಸೆಯನ್ನು ಅರ್ಧಮಟ್ಟಿಗೆ ತೀರಿಸಿಕೊಳ್ಳಬಹುದು. ಕರಾವಳಿಯವರು ಪುನರ್ಪುಳಿಯ ಒಣಸಿಪ್ಪೆಯನ್ನು ಊರಿನಿಂದ ತಂದಿಟ್ಟುಕೊಂಡರೆ ತಿಂಗಳುಗಟ್ಟಲೆ ಕೆಡದು. ಧಾರವಾಡ, ಬೆಳಗಾವಿಗಳ ಕಡೆಯವರು ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಕಟ್ಟಿನಿಂದ ಕಟ್ಟಿನ ಸಾರನ್ನು ಮಾಡಿ ತಂದರೆ ಉಳಿದವರು ಹೋಳಿಗೆಯನ್ನೂ ಕೇಳದೆ ಬಿಡರು! ೧೯೫೬ರಲ್ಲಿ ಪ್ರಾಂತಗಳ ಗಡಿಗಳನ್ನು ಗೆರೆಯೆಳೆದು ಗೊತ್ತುಮಾಡಿದರು. ಕಾಸರಗೋಡು ಆಚೆಗುಳಿಯಿತು, ಸೊಲ್ಲಾಪುರ ಆಚೆಗುಳಿಯಿತು. ಈ ಕೂಟದಲ್ಲಿ ಆ ಗೆರೆಗಳಿಗೆ ಬೆಲೆಯಿಲ್ಲ.

ಕೆಲವು ಎಚ್ಚರಿಕೆಗಳು

ಚಳಿಗಾಲವೆಂದು ಸಾರನ್ನು ರಾತ್ರಿಯೆಲ್ಲ ಹೊರಗಿಟ್ಟು ಮರೆಯಬಾರದು. ಮಾಡಿದ ಎರಡು ಗಂಟೆಯೊಳಗಾಗಿ ಆರಿಸಿ ಶೀತಪೆಟ್ಟಿಗೆಯಲ್ಲಿಡಬೇಕು. ಉಣ್ಣುವಾಗ ಚೆನ್ನಾಗಿ ಕುದಿಸಬೇಕು. ತೆಂಗಿನಕಾಯಿ ರುಬ್ಬಿ ಹಾಕಿದ್ದು ಬೇಗ ಹಳಸುವುದರಿಂದ ಅದನ್ನು ಮೊದಲು ಮುಗಿಸಿ, ಮೆಣಸು ಹುಣಸೆಗಳ ತಿಳಿಸಾರನ್ನು ಕೊನೆಗಿಟ್ಟುಕೊಳ್ಳಬೇಕು. ಯಾವುದನ್ನಾದರೂ ಮೂರು ನಾಲ್ಕು ದಿನಗಳ ಆಚೆಗೆ ಇಡುವುದು ಸಲ್ಲದು. ಶೀತಪೆಟ್ಟಿಗೆಯಿಲ್ಲದವನು ಎರಡು ಪಾಲಿಗಿಂತ ಹೆಚ್ಚು ಒಯ್ಯದೆ, ಉಳಿದುದನ್ನು ಕೂಟದಲ್ಲಿಯೇ ಅನ್ನದೊಡನೆ ಎಲ್ಲರೂ ಉಣ್ಣುವ ಏರ್ಪಾಡಾಗಲಿ. ಹುಳಿಯ ಪದಾರ್ಥವನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಾಗಲಿ ಅಲ್ಯುಮಿನಿಯಂ ಪಾತ್ರೆಯಲ್ಲಾಗಲಿ ಇಡದೆ ಸ್ಟೀಲಿನ ಕ್ಯಾರಿಯರಿನಲ್ಲಿ ತರಬೇಕು.

ಇನ್ನೊಂದು ಮಾತು ಇದಕ್ಕಿಂತ ಗುರುತರವಾದುದು. ಬೆಚ್ಚಗಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ, ಕೋಣೆಯೊಳಗೆ ಇದ್ದಲಿನ ಅಂಗೀಠಿಯನ್ನು ಇಟ್ಟುಕೊಂಡು ಮಲಗುವ ಅಭ್ಯಾಸ ಈ ಸೀಮೆಯಲ್ಲಿದೆ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವನು ಏಳದೆಯೇ ಪ್ರಾಣ ಬಿಟ್ಟ ಪ್ರಸಂಗಗಳು ದೆಹಲಿಯ ಚಳಿಗಾಲಗಳಲ್ಲಿ ವರದಿಯಾಗುತ್ತಲೇ ಬಂದಿವೆ. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಹೋಟೆಲ್ ಕೆಲಸಗಾರರು ಇದನ್ನು ಮರೆಯಬಾರದು. ಮೈ ಬೆಚ್ಚಗಾಗಲು ಕಂಬಳಿಯೂ ಬಿಸಿ ಸಾರೂ ಇರಲಿ, ಇದ್ದಲು ಹೊರಗಿರಲಿ.

ಯಾರೂ ಬಡಿಸುವವರಲ್ಲ

ಕೊನೆಯದಾಗಿ, ಈ ಕೂಟದ ಮುಖ್ಯ ನಿಯಮ. “ನೀನು ಹೋಟೆಲಿನವನಲ್ಲವೇ, ಎಲ್ಲರ ಪಾಲನ್ನೂ ನೀನೇ ಮಾಡಿ ತಾ” ಎಂದು ಯಾರೂ ಹೇಳತಕ್ಕದ್ದಲ್ಲ. ಅಂದು ಅವನಿಗೆ ಕೆಲಸವಿಲ್ಲ, ಆಮಂತ್ರಣವಿದೆ. ಒಲೆಯಿಲ್ಲದ ಕೋಣೆಯಲ್ಲಿ ವಾಸಿಸುವವನಿಗೆ ಗೆಳೆಯನೊಬ್ಬ ತನ್ನ ಅಡುಗೆಮನೆಯನ್ನು ಬಿಟ್ಟುಕೊಡಲಿ. ಅಥವಾ ಅವನು ಊರಿನಿಂದ ಬಂದ ಸಾರಿನ ಪುಡಿಯನ್ನು ಆರು ಪೊಟ್ಟಣ ಕಟ್ಟಿ ತರಲಿ. ಅದೂ ಸಮಪಾಲೇ. ಗೃಹಸ್ಥರಾದವರು ತಮ್ಮ ಭಾರವನ್ನೆಲ್ಲ ಹೆಂಡತಿಯ ಮೇಲೆ ಹೊರಿಸಿ ಕೀರ್ತಿಯನ್ನು ಮಾತ್ರ ತಾವು ಪಡೆಯುವುದೂ ನ್ಯಾಯವಲ್ಲ. ಗುಮಾಸ್ತನ ಸಾರಿನಲ್ಲಿ ಉಪ್ಪು ಹೆಚ್ಚಾಗಿರಬಹುದು, ಒಗ್ಗರಣೆ ಸೀದಿರಬಹುದು. ಆದರೂ ಅದನ್ನು ಹೋಟೆಲಿನ ತರುಣನ ತಟ್ಟೆಗೆ ಅವನ ಕೈಯಾರೆ ಬಡಿಸಲಿ. ಬೇರೆ ದಿನ ದುಡ್ಡು ಕೊಟ್ಟು ಪಡೆಯುವ ಸಾರಿಗೂ, ಸ್ವಂತ ಕೈಯಿಂದ ಮಾಡಿ ಕೊಟ್ಟು ಪಡೆಯುವ ಸಾರಿಗೂ ಇರುವ ಭೇದ ಆಗ ಇಬ್ಬರಿಗೂ ತಿಳಿಯುತ್ತದೆ. ಜಾತಿ, ಮತ, ಜಿಲ್ಲೆಗಳನ್ನು ಕೇಳದೆ ಒಬ್ಬರ ಮನೆಯ ಸಾರನ್ನು ಇನ್ನೊಬ್ಬರು ಒಯ್ದು ಉಣ್ಣುವುದು ಸಣ್ಣ ಸುಧಾರಣೆಯೇನಲ್ಲ.

ಕನ್ನಡಿಗರನ್ನು ಒಂದುಗೂಡಿಸಲು ೧೯೪೮ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘಕ್ಕೆ ರಾಮಕೃಷ್ಣಪುರದಲ್ಲಿ ಸ್ವಂತ ಕಟ್ಟಡವಿದೆ. ನಾಟಕಕ್ಕೂ ರಾಜ್ಯೋತ್ಸವಕ್ಕೂ ಅಂಥ ಭವನ ಬೇಕು. ಆದರೆ ಆರು ಮಂದಿಯ ಈ ಕೂಟಕ್ಕೆ ಭವನ ಬೇಡ, ವಂತಿಗೆ ಬೇಡ, ಅಧ್ಯಕ್ಷರ ಭಾಷಣವೂ ಬೇಡ. ಒಂದು ಚಾಪೆ, ಒಂದು ಪಾತ್ರೆ ಅನ್ನ, ಆರು ಕ್ಯಾರಿಯರುಗಳಿದ್ದರೆ ಸಾಕು. ಸಂಕ್ರಾಂತಿಗೆ ಮುಂಚಿನ ಒಂದು ಬಿಡುವಿನ ಮಧ್ಯಾಹ್ನವನ್ನು ವಾಚಕರು ಇದಕ್ಕಾಗಿ ಮೀಸಲಿಡಲಿ. ಹೊರಡುವಾಗ ಎಲ್ಲರೂ ಸೇರಿ ಪಾತ್ರೆ ತೊಳೆಯುವುದನ್ನು ಮಾತ್ರ ಮರೆಯದಿರಲಿ.