ಮಗು ತನ್ನವರನ್ನು ಸೇರುವ ದಾರಿ

ಸಂಜೆಯ ವಾರ್ತೆಗೆಂದು ರೇಡಿಯೊ ಹಾಕಿ ಕುಳಿತಿದ್ದೀರಿ. ಪರದೇಶದ ಒಂದು ಮಗುವಿಗೆ ನಿಮ್ಮ ಮನೆಯಲ್ಲಿ ಆಸರೆ ಕೊಡುವಿರಾ ಎಂದು ಅದರಿಂದ ಕೋರಿಕೆಯೊಂದು ಕೇಳಿಬಂದರೆ ಏನೆನ್ನುವಿರಿ?

೧೯೩೮ರ ನವೆಂಬರ್ ೨೫ರಂದು ಇಂಗ್ಲೆಂಡಿನ ಮನೆಮನೆಯಲ್ಲಿ ಇಂಥ ಕೋರಿಕೆ ಕೇಳಿಬಂದಿತು. ನಾಜಿಗಳ ಹಿಂಸೆಯಿಂದ ಪಾರಾಗಬೇಕಾಗಿದ್ದ ಮಕ್ಕಳಿಗೆ, ಅವರಲ್ಲಿ ಬಹುಪಾಲು ಯೆಹೂದಿಗಳು, ಮನೆ ಕೊಡಿರೆಂದು ವೈಕೌಂಟ್ ಸ್ಯಾಮ್ಯುಯೆಲ್ ಅವರು ಬಿ.ಬಿ.ಸಿ.ಯಲ್ಲಿ ಕೇಳಿಕೊಂಡರು. ನೂರಾರು ಸಂಸಾರಗಳು ಮುಂದೆ ಬಂದವು. ಒಂದೇ ವಾರದಲ್ಲಿ ಮಕ್ಕಳ ಮೊದಲ ತಂಡ ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಯುದ್ಧ ಮೊದಲಾಗುವುದರೊಳಗೆ ಸುಮಾರು ೧೦,೦೦೦ ಮಕ್ಕಳು ಬಂದರು. ಆದರೆ ಆ ಅನುಮತಿ ಮಕ್ಕಳಿಗೆ ಮಾತ್ರ, ತಾಯಿತಂದೆಗಳಿಗಲ್ಲ. ಆ ಮಕ್ಕಳಲ್ಲಿ ಬಹುಮಂದಿ ಹೆತ್ತವರನ್ನು ಮತ್ತೆ ಕಾಣಲಿಲ್ಲ.

೧೯೩೯ರಲ್ಲಿ ಪ್ರಾಗ್ ನಗರದಿಂದ ಹೊರಟ ಆರು ವರ್ಷದ ಆಲ್ಫ್ ಡಬ್ಸ್ ಮಾತ್ರ ಭಾಗ್ಯವಂತ. ತಂದೆ ಮೊದಲೇ ಲಂಡನ್ನಿಗೆ ಬಂದಿದ್ದರು. ನಿಲ್ದಾಣದಲ್ಲಿ ಕಾದು ನಿಂತು ಮಗನನ್ನು ಕರೆದುಕೊಂಡರು. ತಾಯಿಯೂ ಆಮೇಲೆ ಬಂದು ಸೇರಿದರು. ಆ ಹುಡುಗನೇ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾದ.

೨೦೧೫ರ ಹೊತ್ತಿಗೆ ಫ್ರಾನ್ಸಿನ ಕಲೇ ಬಂದರಿನ ಬಳಿ ಸಾವಿರಾರು ನಿರಾಶ್ರಿತರು ಡೇರೆ ಹಾಕಿದ್ದರು. ಅವರ ನಡುವೆ ಹಿರಿಯರ ಜೊತೆಯಿಲ್ಲದ ಮಕ್ಕಳಿದ್ದರು. ಕೆಲವರಿಗೆ ಬ್ರಿಟನ್ನಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಇದ್ದರು. ನಡುವೆ ಇದ್ದುದು ೩೩ ಕಿಲೋಮೀಟರಿನಷ್ಟು ಕಿರಿದಾದ ಕಡಲ್ಗಾಲುವೆ. ರಾತ್ರಿ ಲಾರಿಗಳಡಿ ಅಡಗಿ ದಾಟಲು ಹೋಗಿ ಪ್ರಾಣ ಕಳೆದುಕೊಂಡವರೂ ಉಂಟು.

ಕಾನೂನಿನಲ್ಲಿ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಯೂರೋಪಿನ ರಾಷ್ಟ್ರಗಳು ೨೦೧೩ರಲ್ಲಿ ಮಾಡಿಕೊಂಡ ಮೂರನೆಯ ಡಬ್ಲಿನ್ ನಿಯಮದಂತೆ, ಒಂಟಿ ಮಗುವಿನ ತಾಯಿತಂದೆ, ಒಡಹುಟ್ಟಿದವರು, ಚಿಕ್ಕಪ್ಪ, ಅತ್ತೆ, ಅಜ್ಜ, ಅಜ್ಜಿ ಇವರಲ್ಲಿ ಯಾರಾದರೂ ಇನ್ನೊಂದು ಸದಸ್ಯ ರಾಷ್ಟ್ರದಲ್ಲಿ ಕ್ರಮಬದ್ಧವಾಗಿ ನೆಲೆಸಿದ್ದರೆ, ಮಗುವಿನ ಹಿತಕ್ಕೆ ಅದು ಒಳಿತಾದರೆ, ಮಗುವನ್ನು ಅಲ್ಲಿಗೆ ಕಳುಹಿಸಬೇಕು. ಮಗು ಮೊದಲು ಫ್ರಾನ್ಸಿನಲ್ಲಿ ಆಶ್ರಯಕ್ಕೆ ಅರ್ಜಿ ಕೊಡಬೇಕು. ಫ್ರಾನ್ಸು ಬ್ರಿಟನ್ನಿಗೆ ಬರೆಯಲು ಮೂರು ತಿಂಗಳು, ಬ್ರಿಟನ್ನು ಉತ್ತರಿಸಲು ಎರಡು ತಿಂಗಳು, ಕಳುಹಿಸಿಕೊಡಲು ಆರು ತಿಂಗಳು ಗಡುವು. ಡೇರೆಯ ಕೆಸರಿನಲ್ಲಿರುವ ಹುಡುಗನಿಗೆ ಹನ್ನೊಂದು ತಿಂಗಳೆಂದರೆ ಎಷ್ಟು ದೀರ್ಘ! ಮೇಲಾಗಿ ನಂಟಸ್ತಿಕೆಗೆ ರುಜುವಾತು ಬೇಕು. ಬಾಂಬು ಬಿದ್ದ ಮನೆಯಿಂದ ಓಡಿಬಂದವನು ಜನನಪತ್ರ ತರುವುದೆಲ್ಲಿಂದ?

ದಾರಿ ಕಾಗದದ ಮೇಲೆಯೇ ಉಳಿದಿತ್ತು. ೨೦೧೬ರ ಜನವರಿಯಲ್ಲಿ ಲಂಡನ್ನಿನ ನ್ಯಾಯಮಂಡಲಿ ಕಲೇಯಲ್ಲಿದ್ದ ನಾಲ್ವರು ಸಿರಿಯನ್ನರನ್ನು ಬ್ರಿಟನ್ನಿನಲ್ಲಿದ್ದ ಅವರ ಒಡಹುಟ್ಟಿದವರ ಬಳಿ ಸೇರಿಸಲು ಆಜ್ಞೆ ಮಾಡಿದ ಮೇಲೆ ಅದು ಬಳಕೆಗೆ ಬರತೊಡಗಿತು. ಅದೇ ವರ್ಷ ಫ್ರಾನ್ಸಿನಿಂದ ೭೫೦ಕ್ಕೂ ಹೆಚ್ಚು ಮಕ್ಕಳು ಬ್ರಿಟನ್ನನ್ನು ಸೇರಿದರು. ನಂಟರಿಲ್ಲದ ೩,೦೦೦ ಮಕ್ಕಳನ್ನಾದರೂ ಕರೆತರಬೇಕೆಂದು ಡಬ್ಸ್ ಅವರು ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತಂದರು. ಕೊನೆಗೆ ಸಂಖ್ಯೆ ಕಾಣದೆ ಅಂಗೀಕಾರವಾದ ಆ ತಿದ್ದುಪಡಿಯಿಂದ ೨೦೨೦ರವರೆಗೆ ೪೮೦ ಮಕ್ಕಳು ಬಂದರು.

ಆಮೇಲೆ ಬಾಗಿಲುಗಳು ಮುಚ್ಚತೊಡಗಿದವು. ಬ್ರಿಟನ್ನು ಯೂರೋಪಿನ ಒಕ್ಕೂಟ ಬಿಟ್ಟುದರಿಂದ ೨೦೨೦ರ ಡಿಸೆಂಬರ್ ೩೧ಕ್ಕೆ ಡಬ್ಲಿನ್ ದಾರಿ ಅಲ್ಲಿಗೆ ಮುಗಿಯಿತು. ಆಶ್ರಯ ಪಡೆದ ಹಿರಿಯರು ಹೆಂಡತಿಮಕ್ಕಳನ್ನು ಕರೆಸಿಕೊಳ್ಳುವ ದಾರಿಗೂ ೨೦೨೫ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳು ನಿಂತವು.

ದಾರಿ ತೆರೆದಿಟ್ಟರೆ ಇನ್ನಷ್ಟು ಮಕ್ಕಳನ್ನು ಪ್ರಯಾಣಕ್ಕೆ ತಳ್ಳಿದಂತಾಗದೇ ಎಂಬ ಮಾತುಂಟು. ತಳ್ಳಿಹಾಕುವ ಮಾತಲ್ಲ. ಆದರೆ ಅಣ್ಣನಿರುವ ಊರು ಕಣ್ಣೆದುರಿಗಿರುವಾಗ ತಮ್ಮ ಹೊರಡದೆ ಇರುವನೇ? ಅರ್ಜಿ ಪಡೆಯುವ ಕಚೇರಿ ಇಲ್ಲದಿದ್ದರೆ, ಹಣ ಪಡೆಯುವ ದೋಣಿಯವನು ಇದ್ದೇ ಇರುತ್ತಾನೆ.

ಮುಂದೊಂದು ಸಂಜೆ ಆ ಕಡಲ್ಗಾಲುವೆಯಲ್ಲಿ ದೋಣಿ ಮುಳುಗಿದ ವಾರ್ತೆ ನಿಮ್ಮ ಕಿವಿಗೆ ಬಿದ್ದರೆ, ಅದರಲ್ಲಿದ್ದ ಮಕ್ಕಳು ಯಾರ ಬಳಿಗೆ ಹೊರಟಿದ್ದರು, ಅವರಿಗೆ ಬೇರೆ ಯಾವ ದಾರಿ ಉಳಿದಿತ್ತು ಎಂದು ಒಮ್ಮೆ ಕೇಳಿಕೊಳ್ಳಿ.